ಜೇನಂಗಡಿಗೆ ಕಾವಲುಗಾರ ಸಿಕ್ಕಿದ್ದು

ಮಕ್ಕಳೇ, ಬಿಳಿಗಲ್ಲು ಕಾಡಿನ ಕೆರೆಯ ದಂಡೆಯಲ್ಲಿ ಒಂದು ಜೇನಂಗಡಿ ಇದೆ. ಆ ಅಂಗಡಿಯಲ್ಲಿ ಒಂದು ದಡ್ಡ ಕರಡಿ ಇದೆ. ಅದು ಬೇರೆ ಯಾರೂ ಅಲ್ಲ, ನಾನೇ. ಹೆಸರು ಜಡೆಯಣ್ಣ. ನಗಬೇಕೆನಿಸಿದರೆ ಈಗಲೇ ಶುರುಮಾಡಿ, ಮುಂದೆ ಇನ್ನೂ ಬೇಕಾದಷ್ಟಿದೆ.

ಅಂಗಡಿ ಕಟ್ಟಿದವಳು ನನ್ನ ಅಕ್ಕ ದುಗ್ಗಕ್ಕ. ಮರ ಹತ್ತುವವಳು ಅವಳು, ಜೇನು ಇಳಿಸುವವಳು ಅವಳು, ಗಡಿಗೆಗೆ ತುಂಬುವವಳೂ ಅವಳೇ. ನಾನು ಮುಂದುಗಡೆ ಬಂಡೆಯ ಮೇಲೆ ಕೂತು, ಬಂದವರಿಂದ "ಯಜಮಾನ್ರೇ" ಅನ್ನಿಸಿಕೊಳ್ಳುತ್ತಿದ್ದೆ. ಅದೂ ಒಂದು ಕೆಲಸವೆಂದು ನಂಬಿದ್ದೆ.

ಒಂದು ವರ್ಷ, ಹನ್ನೆರಡನೆಯ ಗಡಿಗೆ ತುಂಬಿಸಲೆಂದು ಮರ ಹತ್ತಿದ ಅಕ್ಕ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಳು. ಮಳೆಗಾಲಕ್ಕೆ ಎಂಟೇ ದಿನ ಉಳಿದಿತ್ತು. ಮಳೆ ಹಿಡಿದರೆ ನಮ್ಮ ಕಾಡಿನ ಮರಿಗಳಿಗೆಲ್ಲ ಕೆಮ್ಮು. ಆ ಕೆಮ್ಮಿಗೆ ಅಕ್ಕನ ಜೇನೇ ಮದ್ದು.

"ತಮ್ಮಾ, ಉಗ್ರಾಣ ನೋಡಿಕೊಳ್ಳೋಕೆ ಯಾರನ್ನಾದರೂ ಗೊತ್ತುಮಾಡು. ಮಳೆಗಾಲಕ್ಕೆ ಗಡಿಗೆಗಳು ಉಳಿದರೆ ಸಾಕು. ಅಲ್ಲಿ ಏನು ಕೆಲಸ ಇದೆ ಅಂತ ಹೇಳ್ತೀನಿ, ಕೇಳಿಸಿಕೊಂಡು ಹೋಗು" ಅಂದಳು.

"ನನಗೆ ಗೊತ್ತಿಲ್ವಾ? ನೀನು ಸುಮ್ಮನೆ ಮಲಗಕ್ಕಾ" ಅಂದೆ. ನನಗೆ ಏನೂ ಗೊತ್ತಿರಲಿಲ್ಲ.

ನಮ್ಮ ಕಾಡಿನಲ್ಲಿ ಆಳು ಹುಡುಕಿಕೊಡುವ ಏಜೆನ್ಸಿಗಳು ಎರಡು. ಹೊನ್ನೆ ಮರದಲ್ಲಿ ಮರಕುಟಿಗ ಸಾವಂತ್ರಕ್ಕನದು, ಆಲದ ಮರದಲ್ಲಿ ಗೊರವಂಕ ರಂಗಪ್ಪನದು. ಹತ್ತಿರವಿದ್ದ ಸಾವಂತ್ರಕ್ಕನ ಬಳಿಗೇ ಮೊದಲು ಹೋದೆ. ಅವಳ ಅಭ್ಯಾಸ ನಿಮಗೆ ಗೊತ್ತಲ್ಲ? ಮೊದಲು ಕುಟ್ಟುವುದು, ಒಳಗೆ ಪೊಳ್ಳೋ ಗಟ್ಟಿಯೋ ಎಂದು ಕಿವಿಗೊಟ್ಟು ಕೇಳುವುದು, ಆಮೇಲೆ ಮಾತು.

"ಜೇನಿಗೆ ಯಾರ ಭಯ, ಜಡೆಯಣ್ಣ?" ಟಕ್!

"ಕಳ್ಳರದು."

"ದೊಡ್ಡ ಕಳ್ಳರೋ, ಸಣ್ಣ ಕಳ್ಳರೋ?" ಟಕ್ ಟಕ್!

"ಕಳ್ಳರು ಅಂದ್ರೆ ಕಳ್ಳರು!"

"ದುಗ್ಗಕ್ಕ ಬೆಳಿಗ್ಗೆ ಎದ್ದು ಉಗ್ರಾಣದಲ್ಲಿ ಮೊದಲು ಏನು ಮಾಡ್ತಾರೆ?"

ಅಕ್ಕ ಏಳುವ ಹೊತ್ತಿಗೆ ನಾನು ಒಂದು ದಿನವೂ ಎದ್ದವನಲ್ಲ.

"ಹೋಗಿ ಅಕ್ಕನ್ನ ಕೇಳಿಕೊಂಡು ಬನ್ನಿ. ಅದು ತಿಳಿಯದೆ ನಾನು ಯಾರನ್ನೂ ಕಳಿಸೋದಿಲ್ಲ" ಅಂದಳು ಸಾವಂತ್ರಕ್ಕ.

"ನಾನು ಆಳು ಕೇಳೋಕೆ ಬಂದದ್ದಾ, ಪರೀಕ್ಷೆ ಬರೆಯೋಕಾ?" ಎಂದು ಸಿಡುಕಿ ಸೀದಾ ಆಲದ ಮರಕ್ಕೆ ನಡೆದೆ.

ಗೊರವಂಕ ರಂಗಪ್ಪ ನನ್ನನ್ನು ಕಂಡಕೂಡಲೇ ಕೊಂಬೆಯಿಂದ ಇಳಿದು ಬಂದ. "ಬರಬೇಕು ಬರಬೇಕು, ಯಜಮಾನ್ರು! ಏನು ಗತ್ತು, ಏನು ಕೂದಲು!"

"ಉಗ್ರಾಣಕ್ಕೆ ಒಬ್ಬ..."

"ನೀವು ಬಾಯಿ ಬಿಡೋದೇ ಬೇಡ. ನಿಮ್ಮ ಅಂತಸ್ತಿಗೆ ತಕ್ಕ ಆಳು ನನ್ನ ಹತ್ತಿರ ಇದ್ದಾನೆ."

"ಏನು ಕೆಲಸ ಅಂತ ಕೇಳೋದಿಲ್ವಾ?"

"ನಿಮ್ಮಂಥ ದೊಡ್ಡವರನ್ನ ಪ್ರಶ್ನೆ ಕೇಳೋದುಂಟಾ!"

ಮಕ್ಕಳೇ, ನಾನು ಅಲ್ಲೇ ಕರಗಿಹೋದೆ.

ರಂಗಪ್ಪ ಕಳಿಸಿದ್ದು ಕಾಡುಕೋಣ ಭರಮಪ್ಪನನ್ನು. ಬಾಗಿಲಿಗೆ ಅಡ್ಡ ನಿಂತರೆ ಬಾಗಿಲೇ ಕಾಣದಷ್ಟು ದೊಡ್ಡ ಆಳು. ಅವನನ್ನು ನಿಲ್ಲಿಸಿಕೊಂಡು ಇಡೀ ಕಾಡಿಗೆ ತೋರಿಸಿದೆ. ಉಗ್ರಾಣದೊಳಗೆ ಹನ್ನೊಂದು ಗಡಿಗೆಗಳು ನೀರು ತುಂಬಿದ ಕಲ್ಲಿನ ಬಾನಿಯ ನಡುವೆ ಕೂತಿದ್ದವು. ಅರ್ಧ ಮಾತ್ರ ತುಂಬಿದ್ದ ಹನ್ನೆರಡನೆಯದು ಅಕ್ಕನ ಹಾಸಿಗೆಯ ಪಕ್ಕದಲ್ಲೇ ಇತ್ತು. ಬಾನಿಯಲ್ಲಿ ನೀರು ಯಾಕಿದೆ ಎಂದು ನಾನು ಯೋಚಿಸಿರಲಿಲ್ಲ. ಅಂದಕ್ಕಿರಬೇಕು ಅಂದುಕೊಂಡಿದ್ದೆ.

ಮೂರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಗಡಿಗೆಗಳೆಲ್ಲ ಕಪ್ಪಗೆ ಅಲುಗಾಡುತ್ತಿದ್ದವು. ಒಳಗೂ ಹೊರಗೂ ಇರುವೆ! ಬಾನಿ ಒಣಗಿ ಬರಿದಾಗಿತ್ತು.

"ಭರಮಪ್ಪಾ, ನೀರೆಲ್ಲಿ?"

"ಬಿಸಿಲಲ್ವಾ ಯಜಮಾನ್ರೇ, ಕುಡಿದೆ. ಕುಡೀಬೇಡ ಅಂತ ಯಾರೂ ಹೇಳಲಿಲ್ಲ. ಕಳ್ಳರು ಮಾತ್ರ ಒಬ್ಬರೂ ಬಂದಿಲ್ಲ, ಹುಲಿ ಕೂಡ ಸುಳಿದಿಲ್ಲ" ಎಂದು ಕೋಡು ಆಡಿಸಿದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಇನ್ನೊಂದು ಗುಟ್ಟು ಹೇಳುತ್ತೇನೆ, ನಿಮ್ಮಲ್ಲೇ ಇರಲಿ. ಇರುವೆ, ಗೆದ್ದಲು ಎಂದರೆ ಕರಡಿಗಳಿಗೆ ತಿಂಡಿ. ದಿನಾ ಚಪ್ಪರಿಸುವ ತಿಂಡಿಯೇ ಕಳ್ಳನಾದೀತು ಎಂದು ಈ ತಲೆಗೆ ಹೊಳೆಯಲೇ ಇಲ್ಲ.

ರಂಗಪ್ಪನ ಬಳಿಗೆ ಓಡಿದೆ. "ನೀವು ಏನು ಕೆಲಸ ಅಂತ ಹೇಳಲೇ ಇಲ್ವಲ್ಲ ಯಜಮಾನ್ರೇ" ಎಂದವನೇ ಹಾರಿಹೋದ.

ಅಕ್ಕ ಬೈಯುತ್ತಾಳೆ ಎಂದು ತಲೆ ತಗ್ಗಿಸಿ ನಿಂತೆ. ಅವಳು ಬೈಯಲಿಲ್ಲ. "ಪಾಪ, ಆ ಕೋಣನಿಗೆ ಕುಡಿಯೋಕೆ ಬೇರೆ ನೀರು ಇಟ್ಟಿರಲಿಲ್ವಾ?" ಎಂದು ಕೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಒಂದು ಬೇಸಿಗೆಯ ದುಡಿಮೆ ಹೋಗಿತ್ತು. ನಾನು ಹೊರಗೆ ಬಂದು ಅತ್ತೆ.

ಅತ್ತ ಮೇಲೆ ಒಳಗೆ ಹೋಗಿ ಉಗ್ರಾಣದ ಕೆಲಸವನ್ನೆಲ್ಲ ಅಕ್ಕನಿಂದ ಕೇಳಿಕೊಂಡೆ. ಹೊನ್ನೆ ಮರದ ಕೆಳಗೆ ನಿಂತು ಒಪ್ಪಿಸಿದೆ. "ದಿನಾ ಬೆಳಿಗ್ಗೆ ಕೆರೆಯಿಂದ ನೀರು ತಂದು ಬಾನಿ ತುಂಬಬೇಕು. ದಾಟಿ ಬಂದ ಇರುವೆ ಹಿಡಿಯಬೇಕು. ಅಂಥವರು ಯಾರಾದರೂ ಇದ್ದಾರಾ, ಸಾವಂತ್ರಕ್ಕ?"

ಅವಳು ಹಾರಿಬಂದು ನನ್ನ ನೆತ್ತಿಯ ಮೇಲೆ ಕೂತಳು. ಟಕ್ ಟಕ್! ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು.

"ಇಲ್ಲಿ ಪೊಳ್ಳಿದೆ. ತೋಳು ಗಟ್ಟಿ ಇದೆ. ಇರುವೆ ಹೀರೋಕೆ ಮೂತಿಯೂ ಉದ್ದ ಇದೆ. ನಿಮ್ಮ ಅಂಗಡಿಗೆ ಹೊರಗಿನ ಆಳು ಬೇಡ, ಜಡೆಯಣ್ಣ. ನೀವೇ ಸಾಕು."

ಆ ಮಳೆಗಾಲಕ್ಕೆ ಉಳಿದದ್ದು ಅಕ್ಕನ ಹಾಸಿಗೆಯ ಪಕ್ಕದ ಒಂದೇ ಗಡಿಗೆ. ಮರಿಗೆ ಒಂದೊಂದೇ ಹನಿ ಹಂಚಿದೆವು. ಮಂಗನ ಮರಿ ಕೆಮ್ಮಿದಾಗಲೆಲ್ಲ ನಾನು ಎದ್ದುಹೋಗಿ ಖಾಲಿ ಗಡಿಗೆಗಳನ್ನು ಮತ್ತೊಮ್ಮೆ ತೊಳೆದಿಡುತ್ತಿದ್ದೆ.

ಈಗ ಮುಂದಿನ ಬಂಡೆಯ ಮೇಲೆ ಅಕ್ಕ ಕೂರುತ್ತಾಳೆ. ಯಾರಾದರೂ ಬಂದು "ಯಜಮಾನ್ರು ಇದ್ದಾರಾ?" ಎಂದರೆ, ನೀರಿನ ಕೊಡ ಹೊತ್ತ ನಾನು ಅವಳ ಕಡೆ ಕೈ ತೋರಿಸಿ ಮುಂದೆ ಹೋಗುತ್ತೇನೆ.

ನೀತಿ: ಆಳು ಹುಡುಕಿಕೊಡುವವರಲ್ಲಿ ನಿಮ್ಮನ್ನು ಹೊಗಳುವವರನ್ನು ಬಿಟ್ಟು, ನಿಮ್ಮ ಕೆಲಸವೇನೆಂದು ಕೇಳುವವರನ್ನು ನಂಬಿ, ಅವರಿಗೆ ಕೊಡಲು ಉತ್ತರವನ್ನು ಮೊದಲು ನೀವು ತಿಳಿದುಕೊಂಡಿರಿ.