ರುಚಿ ನೋಡಿ ಬಂದ ರೈತ

"ಗುರುಗಳೇ, ಇನ್ನೆಷ್ಟು ಮಠ ಸುತ್ತಬೇಕು?" ಎಂದು ಶಿಷ್ಯ ಕೇಳಿದ.

ಅವನು ಹಳ್ಳಿಯಿಂದ ಬಂದವನು. ಗಟ್ಟಿ ಎಲುಬು, ಗಟ್ಟಿ ದನಿ. ಇಲ್ಲಿಗೆ ಬರುವ ಮೊದಲು ಹಲವು ಗುರುಗಳ ಬಾಗಿಲು ಕಂಡಿದ್ದ. ಈಗ ಇಲ್ಲಿಂದಲೂ ಹೊರಡಲು ಗಂಟು ಕಟ್ಟಿದ್ದ.

"ನಮ್ಮೂರಲ್ಲಿ ಸಾವಾದ ಮನೆಯ ಮುಂದೆ ಕೂತು ನಾಲ್ಕು ಸಮಾಧಾನದ ಮಾತು ಹೇಳುವವರಿಲ್ಲ. ನೀನು ಬಾಯಿದ್ದವನು, ಹೋಗಿ ಕಲಿತು ಬಾ ಎಂದು ಊರವರು ಕಳಿಸಿದರು. ನಾನೂ ಹೊರಟೆ. ಒಬ್ಬ ಗುರುಗಳ ಮಾತಿನಲ್ಲಿ ಜೇನಿದೆ, ಕಸುವಿಲ್ಲ. ಇನ್ನೊಬ್ಬರದರಲ್ಲಿ ಕಸುವಿದೆ, ಕರುಣೆಯಿಲ್ಲ. ನಿಮ್ಮದು ಚೆನ್ನಾಗಿದೆ. ಸಿಟ್ಟಾಗಬೇಡಿ, ಉಪ್ಪು ಸ್ವಲ್ಪ ಕಡಿಮೆ. ನನ್ನ ಕಿವಿ ಅಂಥಿಂಥದ್ದನ್ನೆಲ್ಲ ಒಪ್ಪುವ ಕಿವಿಯಲ್ಲ. ಊರಿಗೆ ಒಯ್ದರೆ ಒಳ್ಳೆಯದನ್ನೇ ಒಯ್ಯಬೇಕು. ಅದಕ್ಕೇ ಕೇಳಿದೆ."

ಗುರುಗಳು ಬೆಳಿಗ್ಗೆಯಿಂದ ಬಂದವರೆಲ್ಲರೊಡನೆ ಮಾತಾಡಿ ಬಳಲಿದ್ದರು. ಕಂಬಕ್ಕೆ ಬೆನ್ನು ಕೊಟ್ಟು ಕಾಲು ಚಾಚಿದರು.

"ಹೊರಡುವವನ ಕಾಲು ಹಿಡಿಯುವಷ್ಟು ಶಕ್ತಿ ನನ್ನಲ್ಲಿಲ್ಲ. ಬಿಸಿಲಿಳಿಯುವ ತನಕ ಕೂತುಕೋ. ಒಂದು ಕತೆ ಹೇಳುತ್ತೇನೆ," ಎಂದರು.

ಒಬ್ಬ ರೈತನಿದ್ದ. ಅವನ ನಾಲಿಗೆ ಸುತ್ತಲಿನ ಊರುಗಳಿಗೆಲ್ಲ ಹೆಸರಾಗಿತ್ತು. ಮದುವೆಯ ಮನೆಯಲ್ಲಿ ಸಾರಿನ ಹದ ನೋಡಲು ಅವನನ್ನೇ ಕರೆಯುತ್ತಿದ್ದರು. ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಹುಣಸೆ ಯಾರ ಹೊಲದ ಮರದ್ದು ಎಂದು ಹೇಳಿಬಿಡುತ್ತಿದ್ದ. ನಿಜವೋ ಸುಳ್ಳೋ, ಎದುರಾಡಿದವರಿಲ್ಲ. "ನನ್ನ ಕಣ್ಣಿಗೆ ಬೇಕಾದರೆ ಮಣ್ಣೆರಚಬಹುದು, ನಾಲಿಗೆಗೆ ಆಗದು," ಎಂದು ಅವನು ಮೀಸೆಯ ಮೇಲೆ ಕೈ ಹಾಕುತ್ತಿದ್ದ.

ಅವನ ಹೆಂಡತಿಗೆ ಜ್ವರ ಬಂತು. ಬಂದ ಜ್ವರ ಹೋಯಿತು. ಹೋಗುವಾಗ ಬಾಯಿರುಚಿಯನ್ನೂ ಹೊತ್ತುಕೊಂಡು ಹೋಯಿತು. ಗಂಜಿ ಕೊಟ್ಟರೆ ಕಹಿ, ಹಾಲು ಕೊಟ್ಟರೆ ಕಹಿ. ತುತ್ತು ಬಾಯಿಗಿಟ್ಟರೆ ಇಟ್ಟ ಹಾಗೇ ಹೊರಗೆ ಬರುತ್ತಿತ್ತು. ಮೈಯಲ್ಲಿ ಎಲುಬು ಮಾತ್ರ ಉಳಿಯಿತು.

ವೈದ್ಯ ನಾಡಿ ನೋಡಿ, ರೈತನನ್ನು ಹೊಸಿಲಾಚೆ ಕರೆದ. "ನನ್ನ ಮದ್ದಿನ ಕೆಲಸ ಮುಗಿಯಿತು. ಇನ್ನು ಅನ್ನದ ಕೆಲಸ. ಏನಾದರೂ ಒಳಗೆ ಹೋದರೆ ಉಳಿದಳು. ಹೋಗದಿದ್ದರೆ ನನ್ನನ್ನು ಮತ್ತೆ ಕರೆಯಬೇಡ," ಎಂದು ಹೇಳಿ ಹೋದ.

ರೈತನಿಗೆ ಹೆಂಡತಿಯೆಂದರೆ ಜೀವ. ಅವಳು ಉಣ್ಣದ ಮನೆಯಲ್ಲಿ ಅವನಿಗೂ ಅನ್ನ ಸೇರುತ್ತಿರಲಿಲ್ಲ. ಅವಳ ಪಕ್ಕದಲ್ಲಿ ಕೂತು ಕೂತು, ಎದ್ದರೆ ತಲೆ ತಿರುಗುವ ಹಾಗಾಗಿತ್ತು.

ಒಂದು ಬೆಳಿಗ್ಗೆ ಅವಳು ತಾನಾಗಿಯೇ ಬಾಯಿ ಬಿಟ್ಟಳು.

"ಪೇಟೆಯಿಂದ ಏನಾದರೂ ಮೆತ್ತಗಿನದು ತನ್ನಿ. ಇವತ್ತು ತಿಂದೇನು ಅನಿಸುತ್ತಿದೆ."

"ಏನು ತರಲಿ ಹೇಳು."

"ಏನಾದರೂ."

ಪಕ್ಕದ ಮನೆಯ ಹೆಂಗಸನ್ನು ಅವಳ ಹತ್ತಿರ ಕೂರಿಸಿ, ಚೀಲ ಹೆಗಲಿಗೆ ಹಾಕಿಕೊಂಡು ರೈತ ಹೊರಟ. ಬಾಯಿಗೆ ನೀರನ್ನೂ ಹಾಕಿಕೊಳ್ಳಲಿಲ್ಲ. ದಾರಿಯಲ್ಲಿ ಅವಳ ಮಾತನ್ನೇ ತಿರುವಿ ಹಾಕಿದ. ಏನಾದರೂ ಎಂದರೆ ಏನು? ಜ್ವರದಲ್ಲಿ ಬಳಲಿದವರ ಮಾತು. ಒಳ್ಳೆಯದು ಎಂದೇ ಅದರ ಅರ್ಥ. ಇಷ್ಟು ದಿನದ ಮೇಲೆ ತೆರೆಯುವ ಬಾಯಿಗೆ ಕಂಡಕಂಡದ್ದನ್ನು ತುರುಕಲು ಆಗುತ್ತದೆಯೇ? ಮದುವೆಯ ಮನೆಗಳಿಗೆ ಹದ ಹೇಳುವವನ ಹೆಂಡತಿ ಅವಳು.

ಆ ಪೇಟೆಯಲ್ಲಿ ಸಾಲಾಗಿ ತಿನಿಸಿನ ಅಂಗಡಿಗಳು. ಎಲ್ಲ ಚಿಕ್ಕವು. ಮುಂದೆ ಅಂಗಡಿ, ಹಿಂದೆ ಮನೆ. ಗಂಡ ಕಲಸಿದರೆ ಹೆಂಡತಿ ಬೇಯಿಸುವಳು, ಅತ್ತೆ ಮಾರುವಳು. ಅಲ್ಲಿ ಒಂದು ಪದ್ಧತಿಯಿತ್ತು. ಗಿರಾಕಿ ಕೊಳ್ಳುವ ಮೊದಲು ಅವನ ಅಂಗೈಗೆ ಒಂದು ಚೂರು ಹಾಕಬೇಕು. ಅದಕ್ಕೆ ಬೆಲೆಯಿಲ್ಲ. ತಿಂದವನು ಕೊಳ್ಳಲೇಬೇಕೆಂದೂ ಇಲ್ಲ. ಅವನು ಮುಖ ಕಿವಿಚಿದರೂ ಅಂಗಡಿಯವರು ಬೇಸರ ಮಾಡಿಕೊಳ್ಳುವ ಹಾಗಿಲ್ಲ. ಹಿರಿಯರು ಹಾಕಿದ ಕಟ್ಟು. ಯಾರೂ ಮೀರುತ್ತಿರಲಿಲ್ಲ.

ಮೊದಲು ಸಿಕ್ಕಿದ್ದು ಬೇಕರಿ. ಬೇಕರಿಯವನು ಆಗಷ್ಟೇ ಭಟ್ಟಿಯಿಂದ ಬನ್ನಿನ ತಟ್ಟೆ ಎಳೆದಿದ್ದ.

"ಯಾರಿಗೆ ಬೇಕಿತ್ತು ಯಜಮಾನ್ರೇ?"

"ಮನೆಯಾಕೆಗೆ. ಜ್ವರ ಬಿಟ್ಟಿದೆ, ಬಾಯಿ ಕೆಟ್ಟಿದೆ."

"ಹಾಗಾದರೆ ಯೋಚನೆ ಯಾಕೆ? ಬನ್ನು ಒಯ್ಯಿರಿ. ಹಾಲಲ್ಲಿ ಅದ್ದಿ ಬಾಯಿಗಿಡಿ. ಅಗಿಯುವ ಕಷ್ಟವೂ ಬೇಡ."

ಒಂದು ತುಂಡು ಮುರಿದು ಅಂಗೈಗೆ ಹಾಕಿದ. ರೈತನದು ಹಸಿದ ಹೊಟ್ಟೆ. ನಾಲಿಗೆಯ ಮೇಲೆ ಇಟ್ಟದ್ದು ಗೊತ್ತಾಯಿತು, ಇಳಿದದ್ದು ಗೊತ್ತಾಗಲಿಲ್ಲ. ಕಟ್ಟಿಕೊಡು ಎನ್ನುವ ಮಾತು ತುಟಿಗೆ ಬಂದಿತ್ತು. ಮೊದಲನೆಯ ಅಂಗಡಿಯಲ್ಲೇ ತಲೆಯಾಡಿಸಿದರೆ ಈ ನಾಲಿಗೆಗೆ ಏನು ಮರ್ಯಾದೆ ಎಂದು ಅನಿಸಿತು. ತುಟಿಗೆ ಬಂದದ್ದನ್ನು ನುಂಗಿದ.

"ಸಿಹಿ ಒಂದು ಗುಲಗಂಜಿಯಷ್ಟು ಹೆಚ್ಚಾಯಿತು."

ಬೇಕರಿಯವನು ನಕ್ಕ. "ಒಯ್ಯುವುದು ಬಾಯಿ ಕೆಟ್ಟವರಿಗೆ. ನೀವು ನೋಡಿದರೆ ಮಗನಿಗೆ ಹೆಣ್ಣು ನೋಡಲು ಬಂದವರ ಹಾಗೆ ಆಡುತ್ತೀರಲ್ಲ!"

"ಇನ್ನು ನಾಲ್ಕು ಕಡೆ ನೋಡಿ ಬರುತ್ತೇನೆ," ಎಂದು ರೈತ ಇಳಿದು ನಡೆದ.

ಮುಂದೆ ಇಡ್ಲಿಯವಳ ಅಂಗಡಿ. ಅವಳು ಅರ್ಧ ಇಡ್ಲಿಯನ್ನೇ ಮುರಿದು ಕೊಟ್ಟಳು. ಚಟ್ನಿ ಇಲ್ಲದೆ ಇಡ್ಲಿಯ ರುಚಿ ಹೇಗೆ ತಿಳಿಯಬೇಕು ಎಂದ. ಚಟ್ನಿ ಹಾಕಿದಳು. ಆ ಅರ್ಧವೂ ಹೋಯಿತು, ಇನ್ನರ್ಧವೂ ಹೋಯಿತು. ಅಕ್ಕಿ ಹೊಸದು, ಹಳೆಯ ಅಕ್ಕಿಯ ಹಗುರ ಇದಕ್ಕಿಲ್ಲ ಎಂದು ಹೇಳಿ ಕೈ ಒರೆಸಿಕೊಂಡ.

ಅದರಾಚೆ ಒಬ್ಬ ಮುದುಕ ಹಾಲುಬಾಯಿ ಮಾಡಿ ತಟ್ಟೆಯಲ್ಲಿ ಕೊಯ್ದಿಟ್ಟಿದ್ದ. ಬಾಯಿಗಿಟ್ಟರೆ ಜಾರುವ ಸಿಹಿ. ರೈತ ಒಂದು ತಿಂದ. ಒಂದರಲ್ಲಿ ಏನೂ ತಿಳಿಯುವುದಿಲ್ಲ ಎಂದ. ಮುದುಕ ಇನ್ನೊಂದು ಕೊಟ್ಟ. ಇದು ತಟ್ಟೆಯ ನಡುವಿನದು, ಅಂಚಿನದನ್ನು ನೋಡಬೇಕು ಎಂದ. ಅದನ್ನೂ ಕೊಟ್ಟ.

"ಏಲಕ್ಕಿ ಮುಂದೆ ನಿಂತಿದೆ. ಹಾಲು ಹಿಂದೆ ಬಿದ್ದಿದೆ," ಎಂದ ರೈತ.

"ಅದು ಮೂರನೆಯದು ಒಳಗೆ ಹೋದ ಮೇಲೆ ಗೊತ್ತಾಯಿತೇನೋ ಮಾರಾಯ?" ಎಂದು ಮುದುಕ ಕೇಳಿದ. ಬೇಸರದಿಂದ ಕೇಳಲಿಲ್ಲ. ಕಟ್ಟನ್ನು ಮೀರುವ ಹಾಗಿರಲಿಲ್ಲ. ತಟ್ಟೆಯ ಮೇಲೆ ಬಟ್ಟೆ ಎಳೆದುಕೊಂಡ, ಅಷ್ಟೇ.

ಹೀಗೆ ರೈತ ಒಂದು ಬದಿ ಮುಗಿಸಿ ಇನ್ನೊಂದು ಬದಿ ಹಿಡಿದ. ಒಂದು ಕಡೆ ಬ್ರೆಡ್ಡು ಒಣಕಲು, ಒಂದು ಕಡೆ ತುಪ್ಪ ಹಳೆಯದು. ಒಂದು ಕಡೆ ಎಲ್ಲ ಸರಿಯಿತ್ತು, ಕಟ್ಟಿಕೊಡುವವನ ಉಗುರು ಸರಿಯಿರಲಿಲ್ಲ. ಬಿಸಿಲು ಏರಿತು. ಕಾಲು ಸೋತವು. ಚೀಲಕ್ಕೆ ಏನೂ ಬೀಳದಿದ್ದರೂ ಹೆಗಲು ನೋಯತೊಡಗಿತು. ತನಗೆ ಇಷ್ಟು ಕಷ್ಟ ಯಾಕೆ ಎಂದು ಅವನಿಗೇ ಮರುಕ ಬಂತು. ಬೇರೆ ಯಾವ ಗಂಡ ಹೆಂಡತಿಗಾಗಿ ಹೀಗೆ ಅಲೆಯುತ್ತಾನೆ? ಸಿಕ್ಕಿದ್ದನ್ನು ಒಯ್ದು ಬಿಸಾಡುತ್ತಾರೆ. ತಾನು ಹಾಗಲ್ಲ. ಈ ಯೋಚನೆಯಿಂದ ಸ್ವಲ್ಪ ಬಲ ಬಂದು ಮತ್ತೆ ನಡೆದ.

ಪೇಟೆ ಮುಗಿದ ಮೇಲೆ ಒಂದು ತೋಟ. ತೋಟದವರು ಬೇಲಿಯ ಬಳಿ ಚಪ್ಪರ ಹಾಕಿ, ತಾವು ಬೆಳೆದದ್ದನ್ನು ಅಲ್ಲಿಯೇ ಮಾರುತ್ತಿದ್ದರು. ತೋಟದಾಕೆ ದಿನವಿಡೀ ಮಾರಿ ಸೋತು, ಮೊಣಕಾಲಿನ ಮೇಲೆ ಗಲ್ಲ ಊರಿ ಕೂತಿದ್ದಳು. ರೈತನನ್ನು ಕಂಡು ಎದ್ದಳು. ಕಳಿತ ರಸಬಾಳೆಯ ಒಂದು ತುಂಡಿಗೆ ಜೇನು ಸವರಿ ಅಂಗೈಗಿಟ್ಟಳು.

ರೈತ ಬಾಯಿಗೆ ಹಾಕಿಕೊಂಡ. ಅದು ಒಳಗೆ ಹೋಗಲಿಲ್ಲ. ಈ ಕೆನ್ನೆಗೂ ಆ ಕೆನ್ನೆಗೂ ಹೊರಳಿಸಿ, ಕೊನೆಗೆ ಬಲವಂತದಿಂದ ನುಂಗಿದ.

"ಎಂಥ ಹಣ್ಣಮ್ಮ ಇದು, ಗಂಟಲಲ್ಲಿ ಇಳಿಯುವುದೇ ಇಲ್ಲ!"

"ಬೆಳಿಗ್ಗೆಯಿಂದ ಇದೇ ಗೊನೆ ಮಾರುತ್ತಿದ್ದೇನೆ ಅಣ್ಣ. ಯಾರ ಗಂಟಲಲ್ಲೂ ನಿಲ್ಲಲಿಲ್ಲ. ಯಾರಿಗೆ ಬೇಕಿತ್ತು?"

ರೈತ ಹೇಳಿದ. ಜ್ವರ ಬಂದದ್ದು, ಬಾಯಿ ಕೆಟ್ಟದ್ದು, ವೈದ್ಯ ಹೊಸಿಲಾಚೆ ಕರೆದು ಹೇಳಿದ್ದು, ಎಲ್ಲವನ್ನೂ ಹೇಳಿದ. ಹೇಳುವಾಗ ಅವನ ಕಣ್ಣು ಒದ್ದೆಯಾದವು. ಆಕೆ ಗೊನೆಯಿಂದ ಎರಡು ಹಣ್ಣು ಮುರಿದು ಅವನ ಮುಂದೆ ಹಿಡಿದಳು.

"ಇವನ್ನು ಸುಮ್ಮನೆ ಒಯ್ಯಿರಿ. ರುಚಿ ಅವರೇ ನೋಡಲಿ."

ರೈತ ಎರಡು ಹೆಜ್ಜೆ ಹಿಂದೆ ಸರಿದ. "ಬಿಟ್ಟಿ ಹಣ್ಣಿಗೆ ಕೈ ಒಡ್ಡಿ ಬಂದವನಲ್ಲ ನಾನು. ನನಗೇ ಸೇರದ್ದು ಅವಳಿಗೆ ಸೇರುತ್ತದೆಯೇ?"

"ನಿಮ್ಮ ಇಷ್ಟ," ಎಂದು ಆಕೆ ಮತ್ತೆ ಮೊಣಕಾಲಿನ ಮೇಲೆ ಗಲ್ಲ ಊರಿದಳು.

ಹೊತ್ತು ಇಳಿದಿತ್ತು. ರೈತ ಊರಿನ ದಾರಿ ಹಿಡಿದ. ನಾಳೆ ಇನ್ನೊಂದು ಪೇಟೆಗೆ ಹೋಗುವುದು ಎಂದು ನಿಶ್ಚಯಿಸಿದ. ಅಲ್ಲಿ ಇನ್ನೂ ಒಳ್ಳೆಯ ಅಂಗಡಿಗಳಿವೆಯಂತೆ. ಯಾರೂ ತನಗೆ ಮೋಸ ಮಾಡಲಿಲ್ಲ, ಒಂದು ಕೆಟ್ಟ ಚೂರೂ ಚೀಲ ಸೇರಲಿಲ್ಲ. ಅಷ್ಟು ಸಮಾಧಾನವಿತ್ತು. ನಡಿಗೆ ಮಾತ್ರ ಭಾರವಾಗಿತ್ತು.

ಮನೆಯಲ್ಲಿ ದೀಪ ಹಚ್ಚಿತ್ತು. ಹೆಂಡತಿ ಎದ್ದು ಗೋಡೆಗೆ ಒರಗಿ ಕೂತಿದ್ದಳು. ಹಾಸಿಗೆ ಹಿಡಿದ ಮೇಲೆ ಅವಳು ಎದ್ದು ಕೂತದ್ದು ಅದೇ ಮೊದಲು. ಮುಖ ತೊಳೆಸಿಕೊಂಡಿದ್ದಳು. ತಲೆ ಬಾಚಿಸಿಕೊಂಡಿದ್ದಳು.

"ಮಧ್ಯಾಹ್ನದಿಂದ ಬಾಗಿಲನ್ನೇ ನೋಡುತ್ತಿದ್ದಾಳೆ. ಏನು ಕೊಟ್ಟರೂ ಬೇಡ, ಅವರು ತರುತ್ತಾರೆ ಅಂದಳು. ಹಾಲು ಕಾಸಿಟ್ಟಿದ್ದೇನೆ ಅಣ್ಣ. ಏನು ತಂದಿರಿ?" ಎಂದು ಪಕ್ಕದ ಮನೆಯ ಹೆಂಗಸು ಚೀಲಕ್ಕೆ ಕೈ ಚಾಚಿದಳು.

ರೈತ ಚೀಲವನ್ನು ಗೂಟಕ್ಕೆ ತಗುಲಿಹಾಕಿದ. ಹೆಂಡತಿಯ ಹತ್ತಿರ ಕೂತು, ಪೇಟೆಯ ಮೊದಲಿನಿಂದ ಹೇಳುತ್ತ ಬಂದ. ಯಾವ ಅಂಗಡಿಯಲ್ಲಿ ಏನು ಹೆಚ್ಚು, ಯಾವ ಅಂಗಡಿಯಲ್ಲಿ ಏನು ಕಡಿಮೆ, ಯಾರು ಯಾರು ತನ್ನ ನಾಲಿಗೆಯ ಮುಂದೆ ಸೋತರು, ಒಂದನ್ನೂ ಬಿಡಲಿಲ್ಲ. ಅವಳು ಅವನ ಬಾಯನ್ನೇ ನೋಡುತ್ತ ಕೇಳಿದಳು.

"ಬನ್ನು ಬಿಸಿ ಇತ್ತಾ?" ಎಂದಳು.

"ಆಗಷ್ಟೇ ಭಟ್ಟಿಯಿಂದ ತೆಗೆದಿದ್ದರು."

"ಮೆತ್ತಗಿತ್ತಾ?"

"ಮೆತ್ತಗೇನೋ ಇತ್ತು. ಆದರೆ ಸಿಹಿ..."

ಅವಳ ಗಂಟಲು ಒಮ್ಮೆ ಏರಿ ಇಳಿಯಿತು. ಬಾಯಲ್ಲಿ ಏನೂ ಇಲ್ಲದೆ ಅವಳು ಏನನ್ನೋ ನುಂಗಿದಳು.

ರೈತ ಅದನ್ನು ನೋಡಿದ. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಮಾತು ಬರಲಿಲ್ಲ, ತೇಗು ಬಂತು. ಹೊಟ್ಟೆಯ ಬುಡದಿಂದ ಬಂದ ದೊಡ್ಡ ತೇಗು. ಕೈಯಿಂದ ಮುಚ್ಚಿಕೊಂಡ. ಅಷ್ಟರಲ್ಲಿ ಏಲಕ್ಕಿ, ತುಪ್ಪ, ಬಾಳೆಹಣ್ಣಿನ ವಾಸನೆ ಆ ಚಿಕ್ಕ ಕೋಣೆಯಲ್ಲೆಲ್ಲ ಹರಡಿತ್ತು. ಪಕ್ಕದ ಮನೆಯ ಹೆಂಗಸು ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿ ಹೊರಗೆ ಹೋದಳು.

ಹೆಂಡತಿ ಸಿಟ್ಟಾಗಲಿಲ್ಲ.

"ಹೋಗಲಿ ಬಿಡಿ, ನೀವಾದರೂ ಉಂಡಿರಲ್ಲ," ಎಂದಳು. ನಿಧಾನವಾಗಿ ಹಾಸಿಗೆಗೆ ಜಾರಿ, ಗೋಡೆಯ ಕಡೆ ತಿರುಗಿ ಮಲಗಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿ ಕಣ್ಣು ಮುಚ್ಚಿದರು. ಮಲಗಿಬಿಟ್ಟರೇನೋ ಎಂದು ಶಿಷ್ಯ ಬಗ್ಗಿ ನೋಡಿದ. ಆಮೇಲೆ ತಡೆಯಲಾಗಲಿಲ್ಲ.

"ಕತೆ ಅರ್ಧಕ್ಕೆ ನಿಂತಿತಲ್ಲ ಗುರುಗಳೇ. ಅವನು ಬೆಳಿಗ್ಗೆ ಎದ್ದು ಏನಾದರೂ ತಂದನೇ? ಅವಳು ಅಲ್ಲಿಯ ತನಕ ಇದ್ದಳೇ?"

ಗುರುಗಳು ಕಣ್ಣು ತೆರೆಯಲಿಲ್ಲ.

"ನೀನು ಊರು ಬಿಟ್ಟ ಮೇಲೆ ಅಲ್ಲಿ ಯಾವ ಮನೆಯಲ್ಲೂ ಸಾವಾಗಿಲ್ಲವೇ ಮಗು?" ಎಂದರು.