ಮಂಗಳ ಹಾಡಲು ಬಂದ ಶಿಷ್ಯ

"ಬುದ್ಧಿ, ಶಾಸ್ತ್ರೀಯ ಸಂಗೀತವನ್ನು ಕಂಪ್ಯೂಟರಿನ ತಾಳಕ್ಕೆ ಬೆರೆಸಿ ಕ್ಲಬ್ಬುಗಳಲ್ಲಿ ಜನರನ್ನು ಕುಣಿಸುವವರಿದ್ದಾರಲ್ಲ, ಅವರು ಮಾಡುತ್ತಿರುವುದು ತಪ್ಪಲ್ಲವೇ?" ಎಂದು ನಿರಂಜನ ಕೇಳಿದ.

ನಿರಂಜನ ಮಠದಲ್ಲಿ ಓದಲು ಬಂದಿದ್ದ ಶಿಷ್ಯ. ಜಾಣನೇ. ಆದರೆ ಒಂದು ಉತ್ತರ ಕಿವಿಗೆ ಬೀಳುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಅವನ ಬಾಯಲ್ಲಿ ಸಿದ್ಧವಾಗಿರುತ್ತಿತ್ತು.

"ತಪ್ಪು ಹುಡುಕುವುದಕ್ಕೆ ಅಷ್ಟು ದೂರ ಯಾಕಯ್ಯ ಹೋಗುತ್ತೀಯ? ಇಲ್ಲೇ ಬೇಕಾದಷ್ಟಿದೆ" ಎಂದರು ಗುರುಗಳು. "ಸರಿ, ಕೇಳಿಬಿಟ್ಟಿದ್ದೀಯ. ಕೂತುಕೋ. ಮಧ್ಯೆ ಬಾಯಿ ಹಾಕಬೇಡ."

ನಿರಂಜನ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ತಾಯಿ ಇದ್ದಳು. ಸಂಗೀತದ ಪಾಠ ಹೇಳುತ್ತಿದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ತಂಗಿಯ ಮಗಳೊಬ್ಬಳು ಜೊತೆಗಿದ್ದಳು, ಅವಳಿಗೆ ಸಂಗೀತ ಹತ್ತಲಿಲ್ಲ. ಪಾಠಕ್ಕೆ ಬಂದವರು ಬಹಳ ಮಂದಿ, ನಿಂತವರು ಕಡಿಮೆ. ಕೊನೆಗೆ ಉಳಿದವನು ಒಬ್ಬನೇ ಶಿಷ್ಯ.

ಆ ತಾಯಿಗೆ ಒಂದು ಹಟವಿತ್ತು. ಕಛೇರಿಯ ಕೊನೆಗೆ ಮಂಗಳ ಹಾಡುತ್ತಾರೆ. ಅದಾದ ಮೇಲೆ ಮತ್ತೆ ಹಾಡುವಂತಿಲ್ಲ, ಎಲ್ಲರೂ ಎದ್ದು ಮನೆಗೆ ಹೋಗಬೇಕು. ಇದು ನಿನಗೂ ಗೊತ್ತು. ಆಕೆ ದಿನದ ಪಾಠಕ್ಕೂ ಮಂಗಳ ಹಾಡಿಸುತ್ತಿದ್ದಳು. ಎರಡೇ ಸ್ವರ ಹೇಳಿಕೊಟ್ಟಿರಲಿ, ಶಿಷ್ಯನಿಗೆ ಜ್ವರ ಬಂದಿರಲಿ, ಮಂಗಳ ಹಾಡದೆ ಚಾಪೆ ಬಿಟ್ಟು ಏಳುವಂತಿರಲಿಲ್ಲ. ಆ ಮಂಗಳ ಬೇರೆಲ್ಲೂ ಕೇಳಿಬರುವಂಥದ್ದಲ್ಲ. ಆಕೆಯ ಗುರು ಆಕೆಗೆ ಬಾಯಿಂದ ಬಾಯಿಗೆ ಕೊಟ್ಟದ್ದು. ಅದರ ಕೊನೆಯ ಸಾಲು ನಿಧಾನವಾಗುತ್ತಾ ಕೆಳಗಿಳಿದು ಷಡ್ಜದಲ್ಲಿ ನಿಂತುಬಿಡುತ್ತಿತ್ತು. ನಿಂತ ಮೇಲೆ ಆಕೆ ಕೈಮುಗಿದು ಏಳುತ್ತಿದ್ದಳು.

ತನ್ನ ಗುರುವಿನ ಕೊನೆಗಾಲದಲ್ಲಿ ಪಕ್ಕದಲ್ಲಿ ಕೂತು ಆಕೆ ಇದೇ ಮಂಗಳ ಹಾಡಿದ್ದಳಂತೆ. ಸಾಯುವವರ ತಲೆಯ ಹತ್ತಿರ ಕೂತು ಮಂಗಳ ಹಾಡುತ್ತೀಯಾ ಎಂದು ನೆಂಟರು ಬಾಯಿಗೆ ಬಂದಂತೆ ಬೈದರಂತೆ. ಕಛೇರಿ ಮುಗಿದಿದೆ, ಅವರು ಏಳಬೇಡವೇ ಎಂದಳಂತೆ ಆಕೆ. ನನಗೆ ನೀನು ಹಾಡಬೇಕು ಎಂದು ಶಿಷ್ಯನಿಗೆ ಆಗಾಗ ಹೇಳುತ್ತಿದ್ದಳು. ಅವನು ಹೂಂ ಎನ್ನುತ್ತಿದ್ದ. ಆ ವಯಸ್ಸಿನಲ್ಲಿ ಎಲ್ಲರೂ ಎಲ್ಲದಕ್ಕೂ ಹೂಂ ಅನ್ನುತ್ತಾರೆ.

ಶಿಷ್ಯ ಪಟ್ಟಣ ಸೇರಿದ. ಅಲ್ಲಿ ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವುದನ್ನು ಕಲಿತ. ರಾಗ ಆಕೆ ಕಲಿಸಿದ್ದು, ತಾಳ ಯಂತ್ರದ್ದು. ಮೃದಂಗ ಕೂರಬೇಕಾದ ಕಡೆ ಎದೆ ನಡುಗಿಸುವ ಡ್ರಮ್ಮು. ಮುಖ ಸಿಂಡರಿಸಬೇಡ ನಿರಂಜನ. ಭಕ್ತರೊಬ್ಬರು ನನಗೂ ಫೋನಿನಲ್ಲಿ ಕೇಳಿಸಿದರು. ಚೆನ್ನಾಗಿತ್ತು. ರಾಗವನ್ನು ಕೆಡಿಸಿರಲಿಲ್ಲ. ನನ್ನ ಕಾಲೂ ಅಲ್ಲಾಡಿತು, ಸುಳ್ಳು ಯಾಕೆ ಹೇಳಲಿ.

ಆ ಕಸುಬಿಗೆ ಒಂದು ನೇಮವಿದೆ. ಕುಣಿಯುವ ಜನರ ಮುಂದೆ ಸಂಗೀತ ನಿಲ್ಲಬಾರದು. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ತಾನೊಬ್ಬನೇ ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳಬೇಕು. ಅದರ ನಡೆಯನ್ನು ಇದರ ನಡೆಗೆ ಹೊಂದಿಸಬೇಕು. ಆಮೇಲೆ ಯಾರಿಗೂ ಗೊತ್ತಾಗದ ಹಾಗೆ ಮೆಲ್ಲಗೆ ಸೇರಿಸಬೇಕು. ನಡುವೆ ಸ್ವಲ್ಪ ಮೌನ ಬಿದ್ದರೂ ಸಾಕು, ಜನಕ್ಕೆ ಬಾಯಾರಿಕೆ ನೆನಪಾಗುತ್ತದೆ, ಕಾಲುನೋವು ನೆನಪಾಗುತ್ತದೆ, ಮನೆ ನೆನಪಾಗುತ್ತದೆ. ಹೊರಟುಬಿಡುತ್ತಾರೆ. ಈ ಜೋಡಿಸುವ ಕೆಲಸದಲ್ಲಿ ಅವನದು ಎತ್ತಿದ ಕೈ. ಅವನು ಕಟ್ಟಿದ ಯಾವ ಹಾಡಿಗೂ ಕೊನೆ ಎಂಬುದೇ ಇರುತ್ತಿರಲಿಲ್ಲ.

ಒಮ್ಮೆ ಊರಿಗೆ ಬಂದ. ಮೈಕು ಮುಂದಿಟ್ಟು, ಅಮ್ಮ, ನಮ್ಮ ಮಂಗಳ ಹಾಡಿಕೊಡಿ ಎಂದ. ಆಕೆ ಪೂರ್ತಿ ಹಾಡಿಕೊಟ್ಟಳು. ಅವನು ಪಟ್ಟಣಕ್ಕೆ ಹೋಗಿ ಅದಕ್ಕೆ ತಾಳ ಕೂಡಿಸಿದ. ಕೊನೆಯ ಸಾಲು ತೊಡಕಾಯಿತು. ನಿಧಾನವಾಗುತ್ತದೆ, ಯಂತ್ರದ ತಾಳಕ್ಕೆ ಸಿಕ್ಕುವುದಿಲ್ಲ, ಮೇಲಾಗಿ ನಿಂತುಬಿಡುತ್ತದೆ. ಅಷ್ಟನ್ನು ಕತ್ತರಿಸಿದ. ಅದರ ಹಿಂದಿನ ಸಾಲನ್ನು ತಂದು ಮತ್ತೆ ಮೊದಲ ಸಾಲಿಗೆ ಜೋಡಿಸಿದ. ಹೊಲಿಗೆ ಎಲ್ಲಿ ಬಿದ್ದಿದೆ ಎಂದು ಅವನಿಗೇ ತಿಳಿಯಬಾರದು, ಅಷ್ಟು ನಾಜೂಕು. ಬೇಕಾದದ್ದನ್ನು ಇಟ್ಟುಕೊಂಡು ಬೇಡದ್ದನ್ನು ಅಳಿಸಿಹಾಕಿದ. ಕತ್ತರಿಸಿದ ಚೂರನ್ನು ಯಾರು ಕಾಪಾಡುತ್ತಾರೆ? ಆ ಹಾಡೇ ಅವನಿಗೆ ಹೆಸರು ತಂದಿತು. ಹೋದ ಹೋದ ಕಡೆ ಜನ ಅದನ್ನೇ ಕೇಳಿದರು. ಅವರ ಜೊತೆ ಅವನೂ ಅದನ್ನೇ ಕೇಳಿದ, ವರ್ಷಗಟ್ಟಲೆ.

ಒಂದು ಭಾನುವಾರ ಮಧ್ಯಾಹ್ನದ ಕುಣಿತಕ್ಕೆ ಆ ತಾಯಿಯನ್ನು ಕರೆಸಿಕೊಂಡ. ಪ್ರೀತಿಯಿಂದಲೇ ಕರೆಸಿಕೊಂಡದ್ದು. ಕಾಲು ನೆಲಕ್ಕೆ ಎಟುಕದ ಎತ್ತರದ ಸ್ಟೂಲಿನ ಮೇಲೆ ಆಕೆಯನ್ನು ಕೂರಿಸಿದರು. ಆಕೆ ಸೆರಗು ಹೊದ್ದು ಗಂಭೀರವಾಗಿ ಕೂತಳು. ಮೊದಲು ಏನೇನೋ ಬಂತು. ಆಮೇಲೆ ತನ್ನದೇ ದನಿಯಲ್ಲಿ ಮಂಗಳ ಬಂತು. ಸರಿ, ಕಛೇರಿ ಮುಗಿಯಿತು ಎಂದು ಆಕೆ ಸ್ಟೂಲಿನಿಂದ ಇಳಿದು ಕೈಮುಗಿದು ನಿಂತಳು. ಕೊನೆಯ ಸಾಲು ಬರಲಿಲ್ಲ, ಮತ್ತೆ ಮೊದಲಿನದು ಬಂತು. ಆಕೆ ಕಷ್ಟಪಟ್ಟು ಹತ್ತಿ ಕೂತಳು. ಈಗ ಬಂತು ಎನ್ನುವಾಗ ಮತ್ತೆ ಇಳಿದಳು. ಮುದುಕಿ ಕುಣಿಯುತ್ತಿದ್ದಾಳೆ ಎಂದು ಸುತ್ತಲಿದ್ದವರು ಖುಷಿಯಿಂದ ಚಪ್ಪಾಳೆ ತಟ್ಟಿದರು. ಹೊತ್ತು ಮೀರಿತೆಂದು ಕ್ಲಬ್ಬಿನವರು ಕರೆಂಟು ತೆಗೆಯುವವರೆಗೂ ಆಕೆ ಹಾಗೆ ಇಳಿಯುತ್ತಾ ಹತ್ತುತ್ತಾ ಇದ್ದಳು.

"ಹೇಗಿತ್ತಮ್ಮ?" ಎಂದು ಅವನು ಕೇಳಿದ.

"ಚೆನ್ನಾಗಿತ್ತಪ್ಪ. ಸೊಂಟ ಬಿದ್ದುಹೋಯಿತು. ಎಲ್ಲಿ ಏಳಬೇಕು ಅಂತಲೇ ಗೊತ್ತಾಗಲಿಲ್ಲ."

ಅವನು ನಕ್ಕ. "ಇಲ್ಲಿ ನಿಲ್ಲಿಸುವ ಹಾಗಿಲ್ಲಮ್ಮ. ನಿಲ್ಲಿಸಿದರೆ ಜನ ಹೊರಟುಹೋಗ್ತಾರೆ."

"ಹೋಗಲಿ ಬಿಡೋ. ಹೋಗಲಿ ಅಂತಲೇ ಅಲ್ವೇನೋ ಮಂಗಳ ಹಾಡೋದು?"

ಅವನು ಅದಕ್ಕೂ ನಕ್ಕ. ಆಕೆಯನ್ನು ಕಾರಿನಲ್ಲಿ ಊರಿಗೆ ಕಳಿಸಿಕೊಟ್ಟ.

ಆಮೇಲೆ ಕೆಲವು ವರ್ಷಕ್ಕೆ ಆಕೆಗೆ ಲಕ್ವ ಹೊಡೆಯಿತು. ಬಲಗಡೆ ಬಿದ್ದುಹೋಯಿತು, ಮಾತೂ ಹೋಯಿತು. ಹೇಗೋ ಒಂದೇ ಒಂದು ಮಾತು ಉಳಿದುಕೊಂಡಿತ್ತು. ಮಂಗಳ, ಮಂಗಳ ಎನ್ನುತ್ತಿದ್ದಳು. ಡಾಕ್ಟರು ಇನ್ನು ಹೆಚ್ಚು ದಿನವಿಲ್ಲ ಎಂದರು. ತಂಗಿಯ ಮಗಳು ಅವನಿಗೆ ಫೋನು ಮಾಡಿ, ಬೇಗ ಬನ್ನಿ, ಈ ಜೀವ ನಿಮಗೋಸ್ಕರ ಕಾಯುತ್ತಿದೆ ಎಂದಳು.

ಅವನು ಬರಲಿಲ್ಲ ಅಂದುಕೊಂಡೆಯಾ? ಕೆಟ್ಟವನಲ್ಲ ಕಣಯ್ಯ ಅವನು. ಒಪ್ಪಿಕೊಂಡಿದ್ದ ಕಾರ್ಯಕ್ರಮ ಬಿಟ್ಟು ಓಡಿಬಂದ. ಬೆಳಿಗ್ಗೆ ಬಂದವನು ಸ್ನಾನ ಮಾಡಿ ಮಂಚದ ಪಕ್ಕದಲ್ಲಿ ಹಳೆಯ ಚಾಪೆಯನ್ನೇ ಹಾಸಿಕೊಂಡು ಕೂತ. ಆಕೆಯ ಕಣ್ಣಲ್ಲಿ ನೀರು ಬಂತು, ಅವನಿಗೂ ಬಂತು. ಶ್ರುತಿ ಹಿಡಿದು ಮಂಗಳ ಶುರು ಮಾಡಿದ.

ದನಿ ಚೆನ್ನಾಗಿಯೇ ಇತ್ತು. ಆಕೆ ಎಡಗೈ ಬೆರಳಿನಿಂದ ಹೊದಿಕೆಯ ಮೇಲೆ ತಾಳ ಹಾಕಿದಳು. ಒಂದೊಂದೇ ಸಾಲು ದಾಟಿ ಅವನು ಕೊನೆಯ ಸಾಲಿನ ಹತ್ತಿರ ಬಂದ. ಎರಡು ಕೈ ಜೋಡಿಸಲು ಆಕೆಗೆ ಆಗುವಂತಿರಲಿಲ್ಲ. ಇದ್ದ ಒಂದು ಕೈಯನ್ನೇ ಎದೆಯವರೆಗೆ ಎತ್ತಿದಳು. ಅಷ್ಟರಲ್ಲಿ ಅವನ ಗಂಟಲು ತಾನಾಗಿ ತಿರುಗಿ ಮೊದಲ ಸಾಲಿಗೆ ಹೋಗಿಬಿಟ್ಟಿತು. ತಂಗಿಯ ಮಗಳಿಗೆ ಅದು ತಿಳಿಯಲೇ ಇಲ್ಲ. ಆಕೆಗೆ ತಿಳಿಯಿತು. ಎತ್ತಿದ್ದ ಕೈ ಇಳಿಸಿ ಮತ್ತೆ ತಾಳ ಹಾಕತೊಡಗಿದಳು.

ಇರಲಿ, ಈ ಸಲ ಸರಿಯಾಗಿ ಇಳಿಯುತ್ತೇನೆ ಎಂದುಕೊಂಡ. ಆ ಜಾಗ ಬಂತು, ಮತ್ತೆ ತಿರುಗಿಹೋಯಿತು. ಆಗ ಅವನಿಗೆ ಗೊತ್ತಾಯಿತು. ಕೊನೆಯ ಸಾಲು ಅವನಿಗೆ ನೆನಪೇ ಇರಲಿಲ್ಲ. ಚಿಕ್ಕಂದಿನಲ್ಲಿ ದಿನವೂ ಹಾಡಿದ್ದನ್ನು ಆಮೇಲೆ ದಿನವೂ ಕೇಳಿದ್ದು ನುಂಗಿಹಾಕಿತ್ತು. ಆಕೆಯನ್ನು ಕೇಳೋಣವೆಂದರೆ ಆಕೆಗೆ ಮಾತಿಲ್ಲ. ಯಂತ್ರದಲ್ಲಿ ಹುಡುಕೋಣವೆಂದರೆ ತಾನೇ ಅಳಿಸಿದ್ದಾನೆ. ಏನಾದರೊಂದು ಕಟ್ಟಿ ಮುಗಿಸೋಣವೆಂದರೆ, ಆ ಕಿವಿಯ ಮುಂದೆ ಅದು ನಡೆಯುತ್ತದೆಯೇ? ಅಮ್ಮ, ಮರೆತುಬಿಟ್ಟಿದ್ದೇನೆ, ತಪ್ಪಾಯಿತು ಎಂದು ಹೇಳಿ ಕಾಲು ಹಿಡಿಯಬಹುದಿತ್ತು. ನಾಚಿಕೆ ಬಿಡಲಿಲ್ಲ. ಸುಮ್ಮನಾದರೆ ಆಕೆ ಹೀಗೆಯೇ ಹೋಗಿಬಿಡುತ್ತಾಳೆ ಎಂಬ ಭಯ ಬೇರೆ. ಹಾಡುತ್ತಲೇ ಹೋದ.

ಮಧ್ಯಾಹ್ನ ತಿರುಗಿತು. ಆ ಜಾಗ ಬಂದಾಗೆಲ್ಲ ಆಕೆ ಕೈ ಎತ್ತುತ್ತಿದ್ದಳು, ಮತ್ತೆ ಇಳಿಸುತ್ತಿದ್ದಳು. ಒಂದು ಸಲ ಎತ್ತಲಿಲ್ಲ. ಬೆರಳೂ ನಿಂತಿತ್ತು. ಅವನು ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದ, ನೋಡಲಿಲ್ಲ. ಅಣ್ಣ, ಸಾಕು, ದೊಡ್ಡಮ್ಮ ಹೋದರು ಎಂದು ತಂಗಿಯ ಮಗಳು ಅವನ ಭುಜ ಹಿಡಿದಳು. ಅವನು ನಡುಸಾಲಿನಲ್ಲೇ ಹಾಡು ನಿಲ್ಲಿಸಿದ.

ಈಗಲೂ ಅವನು ಆ ಕಸುಬು ಬಿಟ್ಟಿಲ್ಲ. ಬೇರೇನು ಮಾಡಬೇಕು ಎಂದು ಅವನಿಗೆ ಗೊತ್ತಿಲ್ಲ. ಜನ ಅದೇ ಹಾಡು ಕೇಳುತ್ತಾರೆ, ಹಾಕುತ್ತಾನೆ. ಆಕೆಯ ದನಿ ಬರುತ್ತದೆ. ಕೊನೆಯ ಸಾಲಿನ ಹತ್ತಿರಕ್ಕೆ ಬರುತ್ತದೆ, ತಿರುಗಿ ಮೊದಲಿಗೆ ಹೋಗುತ್ತದೆ. ಎದುರಿಗೆ ಜನ ಕುಣಿಯುತ್ತಾರೆ. ಅವನು ಮಾತ್ರ ಪ್ರತಿ ಸಲವೂ ಆ ಜಾಗದಲ್ಲಿ ಉಸಿರು ಹಿಡಿದು ಕಾಯುತ್ತಾನಂತೆ.

ಇಲ್ಲಿಗೆ ಗುರುಗಳು ಕಥೆ ನಿಲ್ಲಿಸಿದರು.

ನಿರಂಜನನಿಗೂ ಸಂಕಟವಾಗಿತ್ತು. ಆದರೂ ಅವನು ಮುಂದಕ್ಕೆ ಬಾಗಿ, "ಹಾಗಾದರೆ ಬೆರೆಸಿದ್ದು ತಪ್ಪಲ್ಲ, ಕತ್ತರಿಸಿದ್ದು ತಪ್ಪು ಅಂತಾಯಿತು. ಬುದ್ಧಿ, ಹಾಗಿದ್ದ ಮೇಲೆ ಇನ್ನೊಂದು ಕೇಳುವುದಿತ್ತು" ಎಂದ.

ಗುರುಗಳು ಕೈ ಅಡ್ಡ ಹಿಡಿದರು.

"ತಡಿ ನಿರಂಜನ, ಆ ತಾಯಿ ಇನ್ನೂ ಎದ್ದು ಹೋಗಿಲ್ಲ."