ಖಾಲಿ ಬಂದ ತಟ್ಟೆ

“ಕೇಳಿರಪ್ಪೋ ಕೇಳಿ! ಸೆರೆಯಲ್ಲಿರುವ ನಿಂಬಣ್ಣಜ್ಜನನ್ನು ಬಿಡಿಸಿಕೊಳ್ಳುವವರು ಅರಸರ ಮೂರು ಒಗಟು ಬಿಡಿಸಬೇಕು. ಗೆದ್ದವನಿಗೆ ಅಜ್ಜನ ಅನ್ನದ ಮನೆ, ಸುತ್ತಲಿನ ಹೊಲ ಎಲ್ಲವೂ ಸೇರುತ್ತದೆ. ಸೋತವನ ತಲೆ ಅಮಾವಾಸ್ಯೆಗೆ ಹೋಗುತ್ತದೆ!”

ಹೀಗೆಂದು ಕಂಚರಸ ಡಂಗುರ ಹೊಡೆಸಿದ. ಅಜ್ಜನ ತಪ್ಪೇನು? ಅರಸ ಊರಾಚೆ ಅಟ್ಟಿದ ಕುಷ್ಠರೋಗಿಗಳನ್ನು ಮನೆಯೊಳಗೆ ಕರೆದುಕೊಂಡಿದ್ದ. ಮನೆಮನೆ ತಿರುಗಿ ಹಿಟ್ಟು ಬೇಡಿ ತಂದು, ಅಂಬಲಿ ಕಾಯಿಸಿ, ಬೆರಳಿಲ್ಲದವರಿಗೆ ತಾನೇ ಕುಡಿಸುತ್ತಿದ್ದ. ಎಲ್ಲರೂ ಉಂಡು ಉಳಿದರೆ ಅವನಿಗೆ, ಇಲ್ಲದಿದ್ದರೆ ನೀರು. ಜನ ಅರಮನೆಗೆ ಬೆನ್ನು ಹಾಕಿ ಆ ಮನೆಗೆ ಕೈಮುಗಿಯತೊಡಗಿದರು. ಇಂಥದ್ದು ಯಾವ ಅರಸನಿಗೂ ಜೀರ್ಣವಾಗುವುದಿಲ್ಲ.

ಮೊದಲು ಬಂದವನು ಜವಳಿ ಸಾಹುಕಾರ ಮಲ್ಲಶೆಟ್ಟಿ. ಅಜ್ಜನ ಹೊಲದ ಮೇಲೆ ಅವನಿಗೆ ಎಂದಿನಿಂದಲೋ ಕಣ್ಣು.

“ಕರೆಯದೆ ಎಲ್ಲರ ಮನೆಗೂ ಬರುತ್ತಾನೆ,” ಎಂದ ಕಂಚರಸ. “ಅರಮನೆಯಲ್ಲಿ ಅರೆಗಳಿಗೆ ಕೂತು ಎದ್ದು ಹೋಗುತ್ತಾನೆ. ಗುಡಿಸಲಲ್ಲಿ ಹಾಸಿಕೊಂಡು ಮಲಗುತ್ತಾನೆ. ಯಾರು?”

“ಬಡ ನೆಂಟ!” ಎಂದ ಸಾಹುಕಾರ. ಸಭೆ ನಕ್ಕಿತು. ಭಟರು ಅವನನ್ನು ಎಳೆದೊಯ್ದರು.

ಆಮೇಲೆ ಬಂದ ಪಂಡಿತ ಶೇಷಾಚಾರ್ಯ ಬಹಳ ಹೊತ್ತು ಯೋಚಿಸಿ, “ನಿದ್ದೆ,” ಎಂದ. “ನಿದ್ದೆಯನ್ನು ನಾನು ದಿನಾ ಕರೆಯುತ್ತೇನೆ. ಇವನು ಕರೆಯದೆ ಬರುವವನು,” ಎಂದ ಅರಸ. ಪಂಡಿತನೂ ಸೆರೆಗೆ ಹೋದ.

ಎಷ್ಟೋ ದಿನ ಕಳೆದ ಮೇಲೆ ಬಂದ ಮೂರನೆಯವನು ಹುಚ್ಚೀರ. ಅಜ್ಜನ ಮನೆಯ ಕುಷ್ಠರೋಗಿ, ಹರೆಯದವನು. ಎರಡೂ ಕೈಯಲ್ಲಿ ಬೆರಳಿರಲಿಲ್ಲ. ಅಜ್ಜ ಸೆರೆಗೆ ಹೋದಂದಿನಿಂದ ಆ ಮನೆಯ ಒಲೆ ಹೊತ್ತಿರಲಿಲ್ಲ. ಸತ್ತರೆ ಇಲ್ಲೇ ಸಾಯೋಣವೆಂದು ಬಂದಿದ್ದ.

“ಅದು ಹಸಿವ್ರಿ ದೊರಿ,” ಎಂದ. “ನಿಮ್ಮಲ್ಲಿ ತಾಟು ಬರೂತನಕ ಇರ್ತೈತಿ. ನಮ್ಮಲ್ಲಿ ಹಾಸ್ಕೊಂಡು ಮಲಗ್ತೈತಿ.”

ಅರಸನ ಮುಖ ಬಿಗಿಯಿತು. “ಊರಿಗೆಲ್ಲ ಬಡಿಸುತ್ತದೆ, ತಾನು ಒಂದು ಅಗುಳೂ ತಿನ್ನದು. ಕುದಿಯುವುದರಲ್ಲಿ ಮುಳುಗಿದರೂ ಕೂಗದು.”

“ಸೌಟು. ಕುದಿಯೋ ಅಂಬಲ್ಯಾಗ ಮುಳುಗಿ ಎದ್ದು ಎಲ್ಲಾರಿಗೂ ಬಡಸ್ತೈತಿ. ಅದಕ್ಕ ಬಾಯಿಲ್ಲ. ಅಜ್ಜಗ ಬಾಯಿದ್ರೂ ಹಂಗ ಇದ್ದ.”

ಮೂರನೆಯದನ್ನು ಕೇಳುವಾಗ ಕಂಚರಸನ ದನಿ ಇಳಿದಿತ್ತು. ಇದರ ಉತ್ತರ ಅವನಿಗೂ ಗೊತ್ತಿರಲಿಲ್ಲ. “ನಿನ್ನ ಅಜ್ಜನಿಗೆ ದಿನಾ ತಟ್ಟೆ ತುಂಬ ಊಟ ಕಳಿಸುತ್ತೇನೆ. ತಟ್ಟೆ ಖಾಲಿಯಾಗಿ ಬರುತ್ತದೆ. ಆದರೂ ಮುದುಕ ಒಣಗುತ್ತಿದ್ದಾನೆ. ಊಟ ಎಲ್ಲಿಗೆ ಹೋಗುತ್ತದೆ?”

ಹುಚ್ಚೀರ ಒಂದು ಹೆಜ್ಜೆ ಮುಂದೆ ಬಂದ. “ಅಜ್ಜನ ಮಗ್ಗಲ ಖೋಲ್ಯಾಗ ಯಾರದಾರ್ರಿ?”

“ಸಾಹುಕಾರ, ಪಂಡಿತ. ಸಾಯುವವರಿಗೇಕೆ ಅನ್ನವೆಂದು ಅವರಿಗೆ ಕೊಟ್ಟಿಲ್ಲ.”

“ಮತ್ತ ಅವರ ಹೊಟ್ಟಿಗೇ ಹೋಗೇತ್ರಿ! ಆಜೂಬಾಜು ಹಸದವರಿದ್ರ ಅಜ್ಜ ತುತ್ತು ಮುಟ್ಟಾಂವಲ್ಲ. ಮೊದಲ ಬಾಗಿಲಾ ತಗೀರಿ!”

ಬಾಗಿಲು ತೆಗೆದರು. ಅಜ್ಜ ಗೋಡೆಗೊರಗಿ ಕೂತಿದ್ದ. ಮೈ ತಣ್ಣಗಾಗಿತ್ತು. ಒಂದು ಕೈ ಇನ್ನೂ ಪಕ್ಕದ ಕೋಣೆಯ ಕಿಂಡಿಯೊಳಗಿತ್ತು.

“ಅಜ್ಜಗ ಬ್ಯಾರೆ ಊಟ ಬರ್ತೈತಿ ಅಂತ ತಿಳದಿದ್ವಿ,” ಎಂದ ಸಾಹುಕಾರ ಆಚೆಯಿಂದ.

ಹುಚ್ಚೀರ ಅಜ್ಜನ ಕಾಲು ಹಿಡಿದು ಬಿಕ್ಕಿ ಬಿಕ್ಕಿ ಅತ್ತ. ಕಂಚರಸ ಬಾಗಿಲಲ್ಲೇ ನಿಂತು, ಬೇಕಾದ್ದು ಕೇಳು ಎಂದ.

“ಅಜ್ಜ ಯಾರಿಗೆ ಉಣಿಸಿದ್ನೋ ಅವರನ್ನ ಕೊಲ್ಲಬ್ಯಾಡ್ರಿ.”

ಇಬ್ಬರನ್ನೂ ಬಿಟ್ಟರು. ಇಬ್ಬರೂ ಹೆಣದ ಮುಂದೆ ಹಾದು, ಸೆರೆಮನೆಯ ಮೈಲಿಗೆ ಕಳೆಯಲು ಸ್ನಾನಕ್ಕೆಂದು ಮನೆಗೆ ಹೋದರು.

ಅರಸ ಮಾತಿಗೆ ತಪ್ಪಲಿಲ್ಲ. ಅನ್ನದ ಮನೆ, ಹೊಲ ಹುಚ್ಚೀರನಿಗೆ ಬಂದವು. ಆ ಹೊಲದಲ್ಲಿ ದುಡಿಯಲು ಊರಿನ ಒಬ್ಬ ಆಳೂ ಬರಲಿಲ್ಲ. ಬೆಳಗಾದರೆ ಹಸಿದವರು ಬಾಗಿಲಲ್ಲಿ ಕೂತಿದ್ದರು, ಮಡಕೆಯಲ್ಲಿ ಹಿಡಿ ಹಿಟ್ಟಿರಲಿಲ್ಲ. ಹುಚ್ಚೀರ ಕೊರಳಿಗೆ ಜೋಳಿಗೆ ಕಟ್ಟಿಸಿಕೊಂಡು ಊರೊಳಗೆ ಹೊರಟ.

ಮೊದಲ ಮನೆಯಾಕೆ ಅವನ ಕೈ ನೋಡಿ ಬಾಗಿಲು ಹಾಕಿದಳು. ಎರಡನೆಯ ಮನೆಯವರು ಅವನು ಬರುವುದನ್ನು ಕಂಡು ಮೊದಲೇ ಹಾಕಿದ್ದರು. ಅವನು ಮೂರನೆಯ ಮನೆಯ ಮುಂದೆ ಹೋಗಿ ನಿಂತ.